ಮೆಣಸಿನಕಾಯಿ ಗೋದಾಮಿನ ಗಿಟಾರು

ಆಗೆಲ್ಲ ನಮ್ಮ ಬ್ಯಾಡಗಿಯಲ್ಲಿ ಬೇಸಿಗೆ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಓಣಿಯ ಜನ ಸೀನುವುದು ಕೇಳಿದರೆ ಸಾಕಿತ್ತು. ಮಾರುಕಟ್ಟೆಗೆ ಬಂದ ಮೆಣಸಿನಕಾಯಿಯ ಘಾಟು ಗಾಳಿಯಲ್ಲಿ ಬೆರೆತು, ಶಾಲೆ, ಗುಡಿ, ಬಸ್ ಸ್ಟ್ಯಾಂಡು ಅನ್ನದೆ ಎಲ್ಲ ಕಡೆ ನುಗ್ಗುತ್ತಿತ್ತು. ಬಸ್ಸಿನಿಂದ ಇಳಿದ ಪರವೂರಿನವರು ಮೂಗಿಗೆ ಟವೆಲ್ ಹಿಡಿದು ಒದ್ದಾಡುವುದನ್ನು ನೋಡಿ ನಾವು ಮಕ್ಕಳು ನಗುತ್ತಿದ್ದೆವು. ನಿಮ್ಮ ಬಾಲ್ಯಕ್ಕೂ ಇಂಥದ್ದೊಂದು ವಾಸನೆ ಇದ್ದೇ ಇದ್ದೀತು. ನನ್ನದು ಒಣಮೆಣಸಿನಕಾಯಿ, ಗೋಣಿಚೀಲ, ಮತ್ತು ಆ ಒಂದು ಬೇಸಿಗೆಯಲ್ಲಿ ಮಾತ್ರ, ಬಿಸಿಯಾದ ರೇಡಿಯೊ ವಾಲ್ವಿನ ಮೇಲೆ ಸುಡುವ ಧೂಳಿನ ವಾಸನೆ.

ನಾನು ಏಳನೇ ಇಯತ್ತೆ ಪಾಸಾಗಿ ಮನೆಯಲ್ಲಿದ್ದೆ. ಅಪ್ಪನದು ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಮನೆಯ ಹಿತ್ತಲಿಗೆ ಹೊಂದಿಕೊಂಡೇ ಉದ್ದನೆಯ ಗೋದಾಮು. ಸುಗ್ಗಿ ಇಳಿಯುತ್ತ ಬಂದಂತೆ ಗೋದಾಮು ಅರ್ಧ ಖಾಲಿಯಾಗುತ್ತಿತ್ತು. ಆ ಖಾಲಿ ಅರ್ಧವನ್ನು ಕೇಳಿಕೊಂಡು ರಾಣೆಬೆನ್ನೂರಿನಿಂದ ಶಿವು ಮಾಮಾ ಬಂದ.

ಶಿವು ಮಾಮಾ ಅವ್ವನ ಕಡೇ ತಮ್ಮ. ರಾಣೆಬೆನ್ನೂರಿನ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಮದುವೆ, ಗಣಪತಿ, ಕಾಲೇಜಿನ ಸ್ನೇಹ ಸಮ್ಮೇಳನ, ಎಲ್ಲಿ ಕರೆದರೂ ಹೋಗಿ ಸಿನೆಮಾ ಹಾಡು ಬಾರಿಸಿ ಬರುತ್ತಿದ್ದರು. ಆದರೆ ಅವನ ಜೀವ ಇದ್ದದ್ದು ಒಂದು ಇಂಗ್ಲಿಷ್ ಕ್ಯಾಸೆಟ್ಟಿನಲ್ಲಿ. ಹುಬ್ಬಳ್ಳಿಯ ಗೆಳೆಯನೊಬ್ಬ ಕೊಟ್ಟ ಆ ಕ್ಯಾಸೆಟ್ಟಿನ ಕಾಗದ ಎಂದೋ ಕಳೆದುಹೋಗಿತ್ತು. ಯಾರು ಹಾಡಿದ್ದು, ಯಾವ ದೇಶದವರು, ಒಂದೂ ಗೊತ್ತಿರಲಿಲ್ಲ. ಅದರಲ್ಲಿ ಒಂದು ಹಾಡು ಬರೇ ಗಿಟಾರಿನಿಂದ ಶುರುವಾಗುತ್ತಿತ್ತು. ತಂತಿಗಳನ್ನು ಮೀಟಿದ್ದಲ್ಲ, ಹೊಡೆದದ್ದು. ಒರಟು, ಆದರೆ ಸ್ವಚ್ಛ. ಹರಿದಂತೆ ಕೇಳಿಸಿದರೂ ಒಂದೊಂದು ಸ್ವರವೂ ತನ್ನ ಜಾಗದಲ್ಲಿ ನಿಂತಿರುತ್ತಿತ್ತು.

"ಈ ದನಿ ನನ್ನ ಗಿಟಾರಿನಾಗ ಬರಬೇಕು ಅಕ್ಕಾ. ಒಮ್ಮೆ ಬಂದ್ರ ಸಾಕು," ಅಂದ ಬಂದ ದಿನವೇ.

"ನಿನ್ನ ಹಣೆಬರಹ. ಮೊದಲು ಕೈಕಾಲು ತೊಳಕೊಂಡು ಉಣ್ಣು," ಅಂದಳು ಅವ್ವ.

ಅವನ ಜೊತೆ ಟೆಂಪೋದಲ್ಲಿ ಒಂದು ದೊಡ್ಡ ಪೆಟ್ಟಿಗೆ ಬಂದಿತ್ತು. ಮುಚ್ಚಿಹೋದ ಟೂರಿಂಗ್ ಟಾಕೀಸಿನ ಹಳೇ ಆಂಪ್ಲಿಫಾಯರು. ರಾಣೆಬೆನ್ನೂರಿನ ರೇಡಿಯೊ ರಿಪೇರಿಯವರಿಂದ ಅದಕ್ಕೆ ಒಂದಿಷ್ಟು ಹೊಸ ಗುಂಡಿ ಕೂಡಿಸಿಕೊಂಡಿದ್ದ. ಸ್ವಿಚ್ ಹಾಕಿದರೆ ತಕ್ಷಣ ಮಾತಾಡದು. ಒಳಗಿನ ಗಾಜಿನ ವಾಲ್ವುಗಳು ನಿಧಾನಕ್ಕೆ ಕೆಂಪಗಾಗಿ, ಧೂಳು ಸುಟ್ಟ ವಾಸನೆ ಎದ್ದ ಮೇಲೆಯೇ ಅದಕ್ಕೆ ಜೀವ ಬರುತ್ತಿತ್ತು. ಜೊತೆಗೆ ಕಾಲಲ್ಲಿ ಒತ್ತುವ ಒಂದು ಸಣ್ಣ ಕಬ್ಬಿಣದ ಡಬ್ಬಿ. ಅದನ್ನು ಒತ್ತಿದರೆ ಗಿಟಾರಿನ ದನಿ ಒಡೆದು ಗರಗರ ಅನ್ನುತ್ತಿತ್ತು.

ಮೊದಲ ದಿನ ಮಾಮಾ ಆ ಡಬ್ಬಿಯ ಗುಂಡಿಯನ್ನು ಪೂರ್ತಿ ತಿರುವಿ ತಂತಿಗೆ ಹೊಡೆದಾಗ, ಬೇವಿನ ಮರದ ಕೆಳಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಹೆಂಗಸರು ಗಾಬರಿಯಾಗಿ ಎದ್ದು ನಿಂತರು.

"ಏನಾತಬೇ? ಹಿಟ್ಟಿನ ಗಿರಣಿ ಬೆಲ್ಟ್ ಹರೀತೇನು?" ಅಂದಳು ಅವರಲ್ಲೊಬ್ಬಳು.

ಮಾಮಾನಿಗೆ ಕೇಳಿಸಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಎರಡು ಮೂರು ದಿನ ಹೀಗೇ ನಡೆಯಿತು. ಮಾಮಾ ಹಾಡಿನ ತುಣುಕು ಹಾಕುವುದು, ನಿಲ್ಲಿಸುವುದು, ತಾನು ಬಾರಿಸುವುದು, ಗುಂಡಿ ತಿರುವುವುದು, ತಲೆ ಅಲ್ಲಾಡಿಸುವುದು. ಅದರಲ್ಲೂ ಸಣ್ಣ, ಚೂಪು ದನಿಯನ್ನು ಏರಿಸುವ ಟ್ರೆಬಲ್ ಅನ್ನುವ ಗುಂಡಿಯ ಹತ್ತಿರವೇ ಅವನ ಕೈ ಮತ್ತೆ ಮತ್ತೆ ಹೋಗುತ್ತಿತ್ತು. ತಿರುವಿ ತಿರುವಿ ಕಡೆಗೆ ಗಿಟಾರಿನಿಂದ ಬರುತ್ತಿದ್ದ ಶಬ್ದ ಕಿವಿಯಲ್ಲಿ ದಬ್ಬಣ ತೂರಿದಂತಾಯಿತು. ಅಂಗಡಿಯಿಂದ ಅಪ್ಪ ಓಡಿಬಂದ. ಚೀಲದ ಮೇಲೆ ಮಲಗಿದ್ದ ಬೆಕ್ಕು ಗೋಡೆ ಹಾರಿ ಹೋಯಿತು. ನಾನು ಎರಡೂ ಕಿವಿ ಮುಚ್ಚಿಕೊಂಡು ಕೂಗಿದೆ:

"ಮಾಮಾ, ಸಾಕು! ಪಾಟಿ ಮ್ಯಾಲೆ ಉಗುರು ಎಳದಂಗ ಆಗಾಕತ್ತೈತಿ!"

ಮಾಮಾ ಕೈ ತೆಗೆದ. ನನ್ನನ್ನೇ ನೋಡಿದ. "ಅಷ್ಟು ಚುಚ್ಚತೈತಿ? ಖರೇ?" ಅಂದ. ಆ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಅಪ್ಪನೂ ಬೈಯಲು ಬಂದವನು ಬೈಯದೆ ಹಾಗೇ ತಿರುಗಿ ಹೋದ. ಅಪ್ಪನಿಗೂ ಅವ್ವನಿಗೂ ಗೊತ್ತಿದ್ದದ್ದು, ನನಗೆ ಮಾತ್ರ ಗೊತ್ತಿಲ್ಲದ್ದು ಏನೋ ಇದೆ ಅಂತ ಆಗ ತಿಳಿಯಿತು.

ಮಧ್ಯಾಹ್ನ ಅಡುಗೆಮನೆಯಲ್ಲಿ ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಲ್ಲಲಿಲ್ಲ.

"ಅವನ ಬಲಗಿವಿ ಹೋಗೇತಿ. ಎಡಗಿವಿನೂ ಹೊಂಟೈತಿ. ಸಣ್ಣ ದನಿ ಮೊದಲು ಹೋಗ್ತಾವಂತ. ಡಾಕ್ಟರು ಹೇಳ್ಯಾರ. ಸಪ್ಪಳದಾಗ ಇರಬ್ಯಾಡ ಅಂದಾರ. ಕೇಳ್ತಾನೇನು?" ಆಮೇಲೆ ರೊಟ್ಟಿ ತಿರುವಿ ಹಾಕುತ್ತ, "ಅವನ ದೋಸ್ತರಿಗೆ ಗೊತ್ತಿಲ್ಲ. ನೀ ಬಾಯಿ ಬಿಡಬ್ಯಾಡ," ಅಂದಳು.

ಅವ್ವ ಹಾಗೆ ಹೇಳಲು ಕಾರಣವಿತ್ತು. ನಾನು ಮಹಾ ಬಾಯಿಬಡಕಿ. "ಹೆಣ್ಣುಹುಡುಗಿ, ಎಷ್ಟು ಮಾತಾಡ್ತಿ" ಅಂತ ದಿನಕ್ಕೊಬ್ಬರಾದರೂ ಗದರುತ್ತಿದ್ದರು. ಅಂಥ ನನ್ನನ್ನು ಮರುದಿನ ಬೆಳಗ್ಗೆ ಮಾಮಾ ಗೋದಾಮಿಗೆ ಕರೆದ. ಅವನ ಎರಡೂ ಕಿವಿಯಲ್ಲಿ ಅವ್ವ ಹತ್ತಿ ತುರುಕಿದ್ದಳು.

"ಶೈಲಾ, ನಾ ಬಾರಸ್ತೀನಿ. ನೀ ಹೊರಗ ಬೇವಿನಗಿಡದ ಕೆಳಗ ನಿಂದ್ರು. ಒಳಗ ನಿಂದ್ರಬ್ಯಾಡ, ನಿನ್ನ ಕಿವಿ ಚೊಲೋ ಇರಬೇಕು. ಹೆಂಗ ಕೇಳಸ್ತೈತಿ ಬಂದು ಹೇಳು. ಚೊಲೋ ಐತಿ, ಕೆಟ್ಟೈತಿ ಅನಬ್ಯಾಡ. ಹೆಂಗ ಐತಿ ಅಂತ ಹೇಳು. ಎಷ್ಟು ಬೇಕಾದ್ರ ಮಾತಾಡು."

ಎಷ್ಟು ಬೇಕಾದರೂ ಮಾತಾಡು! ಹುಟ್ಟಿದಾಗಿನಿಂದ ಹಾಗಂತ ನನಗೆ ಯಾರೂ ಹೇಳಿರಲಿಲ್ಲ.

ಆಮೇಲಿನ ದಿನಗಳು ಓಡಾಟದಲ್ಲೇ ಕಳೆದವು. ಮಾಮಾ ಬಾರಿಸುವುದು, ನಾನು ಮರದಡಿ ಕೇಳುವುದು, ಓಡಿ ಒಳಗೆ ಬರುವುದು, ಅವನ ಎಡಗಡೆ ನಿಂತು ಜೋರಾಗಿ ಹೇಳುವುದು, ಗುಂಡಿ ತಿರುವಿ ಮತ್ತೆ ಹೊರಗೆ ಓಡುವುದು. ಡಬ್ಬಿಯನ್ನು ಪೂರ್ತಿ ಏರಿಸಿದಾಗ, "ತಗಡಿನ ಮ್ಯಾಲೆ ಮಳಿ ಹೊಡದಂಗ ಐತಿ ಮಾಮಾ. ಒಂದ ಹನಿನೂ ಬ್ಯಾರೆ ಗೊತ್ತಾಗಂಗಿಲ್ಲ" ಅಂದೆ. ದಪ್ಪ ದನಿಯ ಬಾಸ್ ಏರಿಸಿದಾಗ, "ಕಂಬಳಿ ಹೊಚಗೊಂಡು ಮಾತಾಡಿದಂಗ" ಅಂದೆ. ಮಿಡ್ ಅನ್ನುವ ನಡುವಿನ ಗುಂಡಿ ಏರಿಸಿದಾಗ, "ನೆಗಡಿ ಬಂದವರು ಮೂಗಿನಾಗ ಮಾತಾಡಿದಂಗ" ಅಂದೆ. ಮಾಮಾ ಗಂಭೀರವಾಗಿ ಕೇಳಿ, ಒಂದೊಂದಕ್ಕೂ ತಲೆ ಆಡಿಸಿ, "ಹಂಗಾರ ಅದನ್ನ ಇಳಸು" ಅನ್ನುತ್ತಿದ್ದ. ಕರೆಂಟು ಹೋದರೆ ಇಬ್ಬರೂ ಚೀಲದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಸಂಜೆ ವೋಲ್ಟೇಜು ಇಳಿದಾಗ ಗಿಟಾರಿನ ದನಿಯೂ ದಣಿದವರಂತೆ ಕುಗ್ಗುತ್ತಿತ್ತು. ಅದನ್ನೂ ನಾನೇ ಹೇಳಬೇಕಿತ್ತು.

ನಡುವಿನ ಗುಂಡಿಯನ್ನು ಪೂರ್ತಿ ಇಳಿಸಿ, ಬಾಸು, ಟ್ರೆಬಲ್ ಎರಡನ್ನೂ ಏರಿಸಿ, ಡಬ್ಬಿಯನ್ನೂ ಜೋರು ಇಟ್ಟಾಗ ಗೋದಾಮು ತುಂಬುವಂಥ ದೊಡ್ಡ ದನಿ ಬಂತು. ನಾವಿಬ್ಬರೂ ಗೆದ್ದೆವು ಅಂದುಕೊಂಡೆವು. ಮಾಮಾ ಖುಷಿಯಿಂದ ಗೆಳೆಯರಿಗೆ ಹೇಳಿಕಳಿಸಿದ.

ರವಿವಾರ ಗೆಳೆಯರು ಬಂದರು. ಡ್ರಮ್ ಬಾರಿಸುವ ಮೌಲಾ, ಬಾಸ್ ಗಿಟಾರಿನವನೊಬ್ಬ, ಹಾಡುವವನೊಬ್ಬ. ಇವರಲ್ಲಿ ಮೌಲಾ ಮಾಮಾನ ಜೀವದ ಗೆಳೆಯ. ಅವರ ಮನೆತನದ್ದೇ ಮದುವೆಯ ಬ್ಯಾಂಡ್ ಸೆಟ್ಟು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮೌಲಾನ ಡ್ರಮ್ ಶುರುವಾದದ್ದೇ ತಡ, ಗಿಟಾರು ಮಾಯ! ಅಷ್ಟು ದೊಡ್ಡದಾಗಿದ್ದ ದನಿ ಡ್ರಮ್ಮಿನ ಸಪ್ಪಳದಲ್ಲಿ ನೀರಿಗೆ ಬಿದ್ದ ಸಕ್ಕರೆಯಂತೆ ಕರಗಿಹೋಯಿತು.

"ಶಿವ್ಯಾ, ಬಾರಸಾಕತ್ತಿಯೋ ಇಲ್ಲೋ? ನಿನ್ನ ಗಿಟಾರು ಎಲ್ಲೈತೋ ಮಾರಾಯಾ?" ಅಂತ ಮೌಲಾ ನಗುವುದು ಹೊರಗೂ ಕೇಳಿಸಿತು.

ಗೆಳೆಯರು ಹೋದ ಮೇಲೆ ಮಾಮಾ ಊಟಕ್ಕೆ ಕೂತವನು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದ. "ಎಡಗಿವಿನೂ ಹೋತು ಅಕ್ಕಾ. ಎಲ್ಲಾರೂ ಕೂಡಿ ಬಾರಸಾಕತ್ತಿದ್ರು, ನನಗ ನನ್ನ ಗಿಟಾರ ಕೇಳಸಲಿಲ್ಲ," ಅಂದ.

ನಾನು ರೊಟ್ಟಿ ನುಂಗುವುದನ್ನೂ ಬಿಟ್ಟು ಹೇಳಿದೆ: "ನನಗೂ ಕೇಳಸಲಿಲ್ಲ ಮಾಮಾ! ಮೌಲಾ ಮಾಮಾಗೂ ಕೇಳಸಲಿಲ್ಲ. ಯಾರಿಗೂ ಕೇಳಸಿಲ್ಲ!"

ಆಗಿನ ಅವನ ಮುಖ ನೋಡಬೇಕಿತ್ತು. ಸೋತ ಸುದ್ದಿಗೆ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. "ಯಾರಿಗೂ ಕೇಳಸಲಿಲ್ಲಾ?" ಅಂತ ಎರಡು ಸಲ ಕೇಳಿ, ದೊಡ್ಡದಾಗಿ ನಕ್ಕು, ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅವ್ವ ಚಟ್ನಿ ಬಡಿಸುತ್ತ ತನ್ನ ಪಾಡಿಗೆ ಅಂದಳು: "ಆ ಡಬ್ಬಿ ಭಾಳ ಹಾಕಾಕತ್ತೀರಿ ನೀವು. ನಮ್ಮ ಮೆಣಸಿನಕಾಯಿ ಯಾಕ ಎಲ್ಲಾರಿಗೂ ಬೇಕು? ಬಣ್ಣ ಐತಿ, ಖಾರ ಕಡಿಮಿ. ನೀವು ಬರೇ ಖಾರ ಹಾಕಿದ್ರ ನಾಲಿಗಿ ಸುಡತೈತಿ, ರುಚಿ ಎಲ್ಲಿ ಗೊತ್ತಾಗಬೇಕು?"

ಮಾಮಾ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ.

ಮರುದಿನ ಡಬ್ಬಿಯ ಗುಂಡಿಯನ್ನು ಬಹಳಷ್ಟು ಇಳಿಸಿ, ಆಂಪ್ಲಿಫಾಯರಿನ ದನಿಯನ್ನೇ ಏರಿಸಿದೆವು. ವಾಲ್ವುಗಳು ಬಿಸಿಯಾಗಿ, ತಾವಾಗಿಯೇ ಒಡೆಯುವ ಅಂಚಿಗೆ ಬಂದವು. ಮೂಗಿನ ಮಾತು ಅಂತ ನಾನು ಹಳಿದಿದ್ದ ನಡುವಿನ ಗುಂಡಿಯನ್ನು ಏರಿಸಿದೆವು. ಬಾಸನ್ನು ಇಳಿಸಿ, ದಪ್ಪ ದನಿಯನ್ನು ಬಾಸ್ ಗಿಟಾರಿನವನಿಗೆ ಬಿಟ್ಟುಕೊಟ್ಟೆವು. ಅದೊಂದನ್ನೇ ಕೇಳಿದರೆ ಆ ದನಿ ಸಣ್ಣದು, ಸ್ವಲ್ಪ ಬೋಳು. ಆದರೆ ಮಾಮಾ ಅಂಗೈಯ ಅಂಚನ್ನು ತಂತಿಗೆ ಒತ್ತಿ ಹಿಡಿದು ಹೊಡೆದಾಗ, ಆಮೇಲೆ ಕೈ ಸಡಿಲಿಸಿ ಪೂರ್ತಿ ಬಿಟ್ಟಾಗ, ನಾನು ಮರದಡಿಯಿಂದ ಓಡಿಬಂದೆ.

"ಹಸಿ ಕಬ್ಬು ಮುರದಂಗ ಮಾಮಾ! ಲಟಕ್ ಅಂತ ಮುರಿತೈತಿ, ಒಳಗ ರಸಾನೂ ಐತಿ!"

ಮಾಮಾ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಘಾಟಿಗೋ ಏನೋ.

ಅವ್ವನಿಗೆ ಮಾತ್ರ ಸಿಟ್ಟು. ಈ ದನಿ ಬರಬೇಕೆಂದರೆ ಆಂಪ್ಲಿಫಾಯರು ಜೋರಾಗಿಯೇ ಇರಬೇಕು. ಮೆಲ್ಲಗಿಟ್ಟರೆ ಅದು ಬರುವುದೇ ಇಲ್ಲ. "ಇದ್ದೊಂದು ಕಿವಿನೂ ಕಳಕೊಳ್ಳಾಕ ಕುಂತಾನ," ಅಂತ ದಿನವೂ ಹತ್ತಿಯನ್ನು ಇನ್ನಷ್ಟು ಒತ್ತಿ ತುರುಕುತ್ತಿದ್ದಳು. ಅಂದರೆ, ಹಾಡಿನ ಆ ದನಿ ನಮ್ಮ ಗೋದಾಮಿನಲ್ಲಿ ದಿನವೂ ಹುಟ್ಟುತ್ತಿತ್ತು, ಅದನ್ನು ಹುಟ್ಟಿಸಿದವನಿಗೆ ಮಾತ್ರ ಹತ್ತಿಯ ಆಚೆಯಿಂದ ಗುಜುಗುಜು ಕೇಳುತ್ತಿತ್ತು.

ಆರ್ಕೆಸ್ಟ್ರಾದವರ ಮುಂದಿನ ಕಾರ್ಯಕ್ರಮ ಇದ್ದದ್ದು ಹಾವೇರಿಯಲ್ಲಿ. ಹಾವೇರಿ ಜಿಲ್ಲೆಯಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಊರಿನ ಹುಡುಗರಿಗೆ ಏನಾದರೂ ದೊಡ್ಡದು ಮಾಡುವ ಹುರುಪು. ಒಂದು ಮೈದಾನದಲ್ಲಿ ರಸಮಂಜರಿ ಇಟ್ಟುಕೊಂಡಿದ್ದರು. ಸಿನೆಮಾ ಹಾಡುಗಳ ನಡುವೆ ಒಂದೇ ಒಂದು ತಮ್ಮ ಇಷ್ಟದ್ದು ಬಾರಿಸಲು ಮಾಮಾ ಒಪ್ಪಿಗೆ ಪಡೆದಿದ್ದ. ಅಪ್ಪ, ಅವ್ವ, ನಾನು ಮಧ್ಯಾಹ್ನವೇ ಟೆಂಪೋದಲ್ಲಿ ಹೋದೆವು.

ಖಾಲಿ ಮೈದಾನದಲ್ಲಿ ಮೈಕು, ಸ್ಪೀಕರು ನೋಡುವ ಹೊತ್ತಿಗೆ ಮುಂಗಾರಿನ ಗಾಳಿ ಎದ್ದಿತ್ತು. ಗೋದಾಮಿನಲ್ಲಿ ಚೀಲಗಳ ನಡುವೆ ಅಷ್ಟು ತುಂಬಿ ಬರುತ್ತಿದ್ದ ದನಿ ಇಲ್ಲಿ ಹರಿದ ಕಾಗದದಂತೆ ಹಾರಿಹೋಗುತ್ತಿತ್ತು. ನಾನು ಅಭ್ಯಾಸದಂತೆ ಮೈದಾನದ ನಡುವಿನಿಂದ ಓಡಿ ಬಂದು ಸ್ಟೇಜು ಹತ್ತಿ ಗುಂಡಿಗೆ ಕೈ ಹಾಕಿದೆ.

ಮೌಲಾ ಡ್ರಮ್ಮಿನ ಹಿಂದಿನಿಂದ ಎದ್ದ. "ಏ ಹುಡುಗಿ, ಮುಟ್ಟಬ್ಯಾಡ! ಶಿವ್ಯಾ, ಏನೋ ಇದು? ಎಲ್ಲಾರ ಮುಂದ ಹುಡುಗಾಟ ಹಚ್ಚೀದಿಯೇನು?"

ನಾನು ಕೈ ಹಿಂದೆ ತೆಗೆದುಕೊಂಡೆ. ಮಾಮಾ ಗಿಟಾರನ್ನು ಹೆಗಲಿನಿಂದ ಇಳಿಸದೆ ಗೆಳೆಯರ ಕಡೆ ತಿರುಗಿದ.

"ಆಕಿ ಇಲ್ಲದ ನಂಗ ಆಗಂಗಿಲ್ಲ ಮೌಲಾ. ನನಗ ಕೇಳಸಂಗಿಲ್ಲ."

"ಏನು ಕೇಳಸಂಗಿಲ್ಲ?"

"ಬಲಗಿವಿ ಪೂರ್ತಿ ಹೋಗೇತಿ. ಎಡಗಿವಿ ಈ ವರ್ಷ ಹೋಗ್ತೈತಿ ಅಂದಾರ. ನಿಮಗ ಹೇಳಿದ್ರ ಬ್ಯಾರೆಯವರನ್ನ ತಗೋತೀರಿ ಅಂತ ಹೇಳಲಿಲ್ಲ."

ಗಾಳಿಗೆ ಸ್ಟೇಜಿನ ಹಿಂದಿನ ಬಟ್ಟೆ ಪಟಪಟ ಹೊಡೆಯುತ್ತಿತ್ತು. ಮೌಲಾ ಕೈಯಲ್ಲಿದ್ದ ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು, ಸ್ಟೇಜಿನಿಂದ ಕೆಳಗೆ ಹಾರಿ, ನನಗೆ ಕೈ ಚಾಚಿದ. "ಬಾ ತಂಗಿ. ಎಲ್ಲಿ ನಿಂತು ಕೇಳ್ತಿ, ನನಗೂ ತೋರಸು," ಅಂದ.

ಅವನ ಕಣ್ಣು ನೆಲದ ಮೇಲಿತ್ತು. ನಾವಿಬ್ಬರೂ ಮೈದಾನದ ನಡುವೆ ನಿಂತೆವು. ನಾನು ಹೇಳಿದ್ದನ್ನು ಮೌಲಾ ಅಲ್ಲಿಂದಲೇ ಕೈಸನ್ನೆ ಮಾಡಿ ತಿಳಿಸಿದ. ಬಾಸ್ ಗಿಟಾರಿನವನು ಗುಂಡಿ ತಿರುವಿದ. ದನಿ ಗಾಳಿಯನ್ನು ಸೀಳಿ ಬರುವ ತನಕ ಬಿಡಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಜನ ತುಂಬಿದರು. ಎರಡು ಮೂರು ಸಿನೆಮಾ ಹಾಡಾದ ಮೇಲೆ ಆ ಹಾಡಿನ ಸರದಿ. ನಾನು ಸ್ಟೇಜಿನ ಮೆಟ್ಟಿಲ ಹತ್ತಿರ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಮಾಮಾ ನೀರು ಕುಡಿದು, ಒಂದು ಕಿವಿಯಿಂದ ಹತ್ತಿ ತೆಗೆದ. ಎಡಗಡೆಯದು. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಮಾಮಾ, ಅವ್ವ ಬೈತಾಳ," ಅಂದೆ.

"ಹೆಂಗೂ ಹೋಗೂದ ಐತಿ ಶೈಲಾ," ಅಂದ. "ಹೋಗೂದರೊಳಗ ಒಮ್ಮೆ ಕೇಳೇ ಹೋಗಲಿ. ನೀ ಓಡು, ನಿನ್ನ ಜಾಗಾಕ್ಕ ಹೋಗು."

ನಾನು ಜನರ ನಡುವೆ ನುಸುಳಿ ಮೈದಾನದ ಮಧ್ಯಕ್ಕೆ ಓಡಿದೆ. ಮೊದಲ ಹೊಡೆತ ಬಿದ್ದಾಗ ಮುಂದಿನ ಸಾಲಿನ ಮುದುಕರು ಕಿವಿ ಮುಚ್ಚಿಕೊಂಡರು. ಹಿಂದೆ ಯಾರೋ ಸಿಳ್ಳೆ ಹಾಕಿದರು. ಆಮೇಲೆ ಮೌಲಾನ ಡ್ರಮ್ ಕೂಡಿತು, ಬಾಸ್ ಕೂಡಿತು, ಆದರೂ ಗಿಟಾರು ಮುಳುಗಲಿಲ್ಲ. ಅದು ಎಲ್ಲರ ನಡುವೆ ನಿಂತಿತ್ತು. ಯಾರನ್ನೂ ದಬ್ಬದೆ, ಯಾರಿಗೂ ಜಾಗ ಬಿಡದೆ. ಎದೆಯ ಎಲುಬಿಗೆ ತಾಗುತ್ತಿತ್ತು, ಕಿವಿಗೆ ನೋವಾಗುತ್ತಿರಲಿಲ್ಲ. ಕ್ಯಾಸೆಟ್ಟಿನ ದನಿಗಿಂತ ಅದು ನನಗೆ ಚಂದ ಕೇಳಿಸಿತು. ಮಾಮಾ ಕಣ್ಣುಮುಚ್ಚಿ, ಎಡಗಿವಿಯನ್ನು ಪೆಟ್ಟಿಗೆಯ ಕಡೆ ವಾಲಿಸಿ ಬಾರಿಸುತ್ತಿದ್ದ. ಅವ್ವ ಎಲ್ಲಿದ್ದಳೋ, ಬಂದು ನನ್ನ ಹೆಗಲು ಹಿಡಿದುಕೊಂಡಳು. ಅವಳಿಗೆ ಹತ್ತಿ ತೆಗೆದದ್ದು ಕಂಡಿತ್ತು. ಹಾಡು ಮುಗಿಯುವ ತನಕ ಹೆಗಲು ಬಿಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಮಾಮಾ ನನ್ನನ್ನು ತನ್ನ ಎಡಗಡೆ ಕೂರಿಸಿಕೊಂಡ.

"ಕೇಳಿಸ್ತೇನು ಮಾಮಾ?"

"ಕೇಳಿಸ್ತು. ತಳ ಕೇಳಿಸ್ತು, ನಡಕಿಂದು ಕೇಳಿಸ್ತು. ಮ್ಯಾಲಿನ ಪದರು ಸಿಗಲಿಲ್ಲ. ಅದನ್ನ ನೀ ಹೇಳು."

ನಾನು ಹೇಳಿದೆ. ಬದನೆಕಾಯಿ ಪಲ್ಯ ಆರಿಹೋಗುವ ತನಕ ಹೇಳಿದೆ. ಏನೇನು ಹೇಳಿದೆ ಅಂತ ಈಗ ನೆನಪಿಲ್ಲ. ಮೌಲಾ ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದ. ಮಾಮಾ ನನ್ನ ತುಟಿಯನ್ನೇ ನೋಡುತ್ತ ತಲೆಯಾಡಿಸುತ್ತಿದ್ದ. ಆ ದಿನ ಯಾರೂ ನನಗೆ ಸುಮ್ಮನಿರು ಅನ್ನಲಿಲ್ಲ.

ಗೆಳೆಯರು ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಮಾಮಾನೇ ಆ ವರ್ಷದ ದೀಪಾವಳಿಗೆ ಮುಂಚೆ ಬಾರಿಸುವುದನ್ನು ನಿಲ್ಲಿಸಿದ. ತಾಳ ತಪ್ಪಿದರೂ ತನಗೆ ಗೊತ್ತಾಗುತ್ತಿಲ್ಲ ಅಂದನಂತೆ. ಗಿಟಾರನ್ನು ದಾವಣಗೆರೆಯ ಹುಡುಗನೊಬ್ಬನಿಗೆ ಕೊಟ್ಟ. ಆಂಪ್ಲಿಫಾಯರು ನಮ್ಮ ಗೋದಾಮಿನಲ್ಲೇ ಉಳಿಯಿತು, ಅದರ ಸ್ಪೀಕರಿನ ಕಾಗದವನ್ನು ಇಲಿಗಳು ತಿಂದವು. ಮುಂದೆ ಗೋದಾಮೂ ಹೋಯಿತು. ಈಗ ಬ್ಯಾಡಗಿಯ ಸುತ್ತ ಎಲ್ಲಿ ನೋಡಿದರೂ ಕೋಲ್ಡ್ ಸ್ಟೋರೇಜು. ಮೆಣಸಿನಕಾಯಿ ತಣ್ಣಗೆ ಒಳಗೆ ಮಲಗಿರುತ್ತದೆ. ಅಪ್ಪನ ಕಾಲದ ಬೇವಿನ ಮರವಿದ್ದ ಜಾಗದಲ್ಲಿ ಲಾರಿಗಳು ತಿರುಗುತ್ತವೆ. ಶಿವು ಮಾಮಾ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟು, ಮದುವೆಯಾಗಿ, ಚೆನ್ನಾಗಿಯೇ ಬದುಕಿದ್ದಾನೆ. ಕಿವಿಗೆ ಮಷೀನು ಹಾಕಿಕೊಂಡರೆ ಎದುರಿಗಿದ್ದವರ ಮಾತು ಅಷ್ಟಿಷ್ಟು ತಿಳಿಯುತ್ತದೆ. ಹಾಡು ಮಾತ್ರ ಡಬ್ಬಿ ಬಡಿದಂತೆ ಕೇಳುತ್ತದಂತೆ.

ನಾನು ಹಾವೇರಿಯಲ್ಲಿ ಶಾಲಾ ಶಿಕ್ಷಕಿ. ಮಗನಿಗೆ ಗಿಟಾರಿನ ಹುಚ್ಚು. ಅವನ ಫೋನಿನಲ್ಲೇ ಎಲ್ಲ ಆಂಪ್ಲಿಫಾಯರುಗಳೂ ಇವೆ. ಬೆರಳಿನಿಂದ ಗುಂಡಿಯ ಚಿತ್ರ ತಿರುವಿದರೆ ಯಾವ ಕಾಲದ, ಯಾವ ದೇಶದ ದನಿಯೂ ಬರುತ್ತದೆ. ಒಂದು ದಿನ ಅವನ ಕೈಯಿಂದ ಫೋನು ಇಸಿದುಕೊಂಡು ನಾನೇ ತಿರುವಿದೆ. ಚಹಾ ಆರುವುದರೊಳಗೆ ಬಂತು. ಅದೇ ದನಿ. ಮಗ ಬೆರಗಾಗಿ, "ಅವ್ವಾ, ನಿನಗ ಹೆಂಗ ಗೊತ್ತು?" ಅಂದ.

ಹೋದ ಯುಗಾದಿಗೆ ರಾಣೆಬೆನ್ನೂರಿಗೆ ಹೋದಾಗ ಇದನ್ನು ಮಾಮಾನಿಗೆ ಹೇಳಿದೆ. ಅಂಗಡಿಯ ಮುಂದೆ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಅವನ ಕೂದಲು ಪೂರ್ತಿ ಬೆಳ್ಳಗಾಗಿದೆ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಅಂದ:

"ಆ ದನಿ ಹೊರಗ ಹೋದ್ರೂ ಒಳಗ ಉಳದೈತಿ ಅಂತ ತಿಳಕೊಂಡಿದ್ದೆ ಶೈಲಾ. ಭಾಳ ವರ್ಷ ಇತ್ತು. ಮನಸಿನಾಗ ಬೇಕಾದಾಗ ಹಚ್ಚತಿದ್ದೆ. ಈಗ ಅದೂ ಸವದು ಹೋಗೇತಿ. ಕೈಗೆ ನೆನಪೈತಿ, ದನಿ ನೆನಪಿಲ್ಲ." ಆಮೇಲೆ ಮಷೀನು ಹಾಕಿದ ಕಿವಿಯನ್ನು ನನ್ನ ಕಡೆ ತಿರುಗಿಸಿದ. "ಹೆಂಗಿತ್ತು? ಒಮ್ಮೆ ಹೇಳು."

ನಾನು ಬಾಯಿ ತೆರೆದೆ. "ಗೇನ್ ಕಡಿಮಿ ಮಾಮಾ... ಮಿಡ್ ಸ್ವಲ್ಪ ಹೆಚ್ಚು... ಟ್ರೆಬಲ್..." ಅಂದೆ. ಫೋನಿನ ಗುಂಡಿಗಳ ಹೆಸರಷ್ಟೇ ಬಂತು. ಮಾಮಾ ಇನ್ನೂ ಏನೋ ಬರುತ್ತದೆ ಅಂತ ಕಾಯುತ್ತ ನನ್ನ ತುಟಿಯನ್ನೇ ನೋಡುತ್ತಿದ್ದ. ಮರದಡಿಯಿಂದ ಏದುಸಿರು ಬಿಡುತ್ತ ಓಡಿಬರುತ್ತಿದ್ದ ಆ ಹುಡುಗಿಯಾಗಿದ್ದರೆ ಸಂಜೆಯ ತನಕ ಹೇಳುತ್ತಿದ್ದಳು. ಮಾತು ಮೈತುಂಬ ಇದ್ದವಳು ಅವಳು. ದನಿ ಈಗಲೂ ನನ್ನ ಕಿವಿಯಲ್ಲಿದೆ, ಸ್ಪಷ್ಟವಾಗಿದೆ. ಅದನ್ನು ಇನ್ನೊಬ್ಬರಿಗೆ ದಾಟಿಸುವ ಹುಡುಗಿ ಮಾತ್ರ ಯಾವ ವರ್ಷ ಹೋದಳೋ, ಹೋದದ್ದು ನನಗೂ ತಿಳಿಯಲಿಲ್ಲ.

ಮಾಮಾ ನನ್ನ ಕೈಯನ್ನು ಮೆಲ್ಲಗೆ ತಟ್ಟಿದ. "ಇರಲಿ ಬಿಡವ್ವಾ," ಅಂದ.